ಎಲ್ಲ ಫ್ಲೂಗೂ ಒಂದೇ ಲಸಿಕೆ: ಇಷ್ಟು ತಡವೇಕೆ?

1947ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಫ್ಲೂ ಹಬ್ಬಿತು. ಅಲ್ಲಿನ ಹತ್ತು ಸಾವಿರಕ್ಕೂ ಹೆಚ್ಚು ಜನ ಅಷ್ಟರಲ್ಲಾಗಲೇ ಲಸಿಕೆ ಹಾಕಿಸಿಕೊಂಡಿದ್ದರು. ಕೊನೆಗೆ ಲೆಕ್ಕ ನೋಡಿದರೆ ಲಸಿಕೆ ಪಡೆದವರಲ್ಲಿ ಸುಮಾರು ಶೇ. 7, ಪಡೆಯದವರಲ್ಲಿ ಶೇ. 8 ಮಂದಿಗೆ ಜ್ವರ. ಹಾಕಿಸಿಕೊಂಡರೂ ಅಷ್ಟೆ, ಬಿಟ್ಟರೂ ಅಷ್ಟೆ. ಮುಜುಗರದ ಸಂಗತಿಯೆಂದರೆ, ಈ ಲಸಿಕೆಯನ್ನು ರೂಪಿಸಿದ ಥಾಮಸ್ ಫ್ರಾನ್ಸಿಸ್ ಮತ್ತು ಜೋನಾಸ್ ಸಾಲ್ಕ್ (ಪೋಲಿಯೊ ಲಸಿಕೆಯ ಸಾಲ್ಕ್ ಅವರೇ) ಕೆಲಸ ಮಾಡಿದ್ದು ಅದೇ ವಿಶ್ವವಿದ್ಯಾಲಯದಲ್ಲಿ. 1943ರಲ್ಲಿ ಸೈನಿಕರಿಗೆ ಕೊಟ್ಟು ನೋಡಿದಾಗ ಲಸಿಕೆ ಚೆನ್ನಾಗಿಯೇ ಫಲ ಕೊಟ್ಟಿತ್ತು. ನಡುವೆ ಬದಲಾದದ್ದು ವೈರಸ್.

ಅಂದಿನಿಂದ ಶುರುವಾದ ಬೆನ್ನಟ್ಟುವಿಕೆ ಇನ್ನೂ ನಿಂತಿಲ್ಲ. 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಣ್ಗಾವಲು ಜಾಲವೊಂದನ್ನು ಕಟ್ಟಿತು. ಈಗ ಉತ್ತರಾರ್ಧಗೋಳಕ್ಕೆಂದು ಫೆಬ್ರವರಿಯಲ್ಲಿ, ದಕ್ಷಿಣಕ್ಕೆಂದು ಸೆಪ್ಟೆಂಬರ್‌ನಲ್ಲಿ ಲಸಿಕೆಗೆ ಬೇಕಾದ ವೈರಸ್ ತಳಿಗಳ ಆಯ್ಕೆ ನಡೆಯುತ್ತದೆ. (ಫ್ಲೂ ಮಳೆಗಾಲದಲ್ಲೂ ಏರುವ ನಮ್ಮ ದೇಶಕ್ಕೆ ಯಾವ ಪಟ್ಟಿ ಸರಿ ಎಂಬ ಚರ್ಚೆ ವೈದ್ಯರಲ್ಲಿ ಇದ್ದೇ ಇದೆ.) ಬಹುಪಾಲು ಲಸಿಕೆ ಇಂದಿಗೂ ಕೋಳಿಮೊಟ್ಟೆಯಲ್ಲೇ ತಯಾರಾಗುವುದರಿಂದ ಅದಕ್ಕೆ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ವೈರಸ್ ವೇಷ ಬದಲಿಸಿದರೆ ಮುಗಿಯಿತು. ತಳಿ ಹೊಂದಿದ ವರ್ಷ ಶೇ. 40ರಿಂದ 60ರಷ್ಟು ರಕ್ಷಣೆ ಕೊಡುವ ಲಸಿಕೆ 2014-15ರಲ್ಲಿ ಅಮೆರಿಕದಲ್ಲಿ ಶೇ. 19ಕ್ಕೆ ಇಳಿದಿತ್ತು.

ಹಾಗಾದರೆ ವೈರಸ್ಸಿನಲ್ಲಿ ಬದಲಾಗದ ಭಾಗವೇ ಇಲ್ಲವೇ? ಇದೆ. ಅದರ ಮೈಮೇಲಿನ ಹೀಮಗ್ಲುಟಿನಿನ್ ಎಂಬ ಪ್ರೋಟೀನು ನೋಡಲು ಅಣಬೆಯ ಹಾಗೆ: ಮೇಲೆ ದಪ್ಪ ತಲೆ, ಕೆಳಗೆ ಕಾಂಡ. ತಲೆ ವರ್ಷವರ್ಷವೂ ಬದಲಾಗುತ್ತದೆ. ವೈರಸ್ಸನ್ನು ನಮ್ಮ ಜೀವಕೋಶದೊಂದಿಗೆ ಬೆಸೆಯುವ ಕೆಲಸ ಕಾಂಡದ್ದು. ಅಲ್ಲಿ ಏರುಪೇರಾದರೆ ವೈರಸ್ಸಿಗೇ ಕುತ್ತು. ಆದರೆ ನಮ್ಮ ದೇಹ ಬಹುಪಾಲು ಪ್ರತಿಕಾಯಗಳನ್ನು (ಆ್ಯಂಟಿಬಾಡಿ) ತಲೆಯ ವಿರುದ್ಧವೇ ತಯಾರಿಸುತ್ತದೆ.

ದೇಹವನ್ನಷ್ಟೇ ದೂರಿದರೆ ಅನ್ಯಾಯ. ಫ್ಲೂ ವೈರಸ್ ಕೋಳಿಯ ಕೆಂಪು ರಕ್ತಕಣಗಳನ್ನು ಗಂಟುಕಟ್ಟಿಸುತ್ತದೆ ಎಂದು 1941ರಲ್ಲಿ ಜಾರ್ಜ್ ಹರ್ಸ್ಟ್ ತೋರಿಸಿದರು. ಅದರಿಂದ ಒಂದು ಅಗ್ಗದ, ಸುಲಭದ ಪರೀಕ್ಷೆ ಹುಟ್ಟಿತು: ಲಸಿಕೆ ಪಡೆದವರ ರಕ್ತಸಾರ ಹಾಕಿದಾಗ ಗಂಟು ಕಟ್ಟುವುದು ನಿಂತರೆ ಪ್ರತಿಕಾಯ ಇದೆ ಎಂದರ್ಥ. 40 ಪಟ್ಟು ತೆಳುಮಾಡಿದ ಮೇಲೂ ನಿಂತರೆ ಲಸಿಕೆ ನಾಟಿದೆ ಎಂಬ ಲೆಕ್ಕ. ಗಂಟು ಕಟ್ಟಿಸುವುದು ಮಾತ್ರ ತಲೆ! ಕಾಂಡಕ್ಕೆ ಅಂಟುವ ಪ್ರತಿಕಾಯ ಎಷ್ಟೇ ಇದ್ದರೂ ಈ ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ.

1993ರಲ್ಲಿ ಆದದ್ದೂ ಅದೇ. ಜಪಾನಿನ ಒಕುನೊ ಮತ್ತು ಸಂಗಡಿಗರು ಇಲಿಯಿಂದ ಪಡೆದ ಸಿ179 ಎಂಬ ಪ್ರತಿಕಾಯ ಎಚ್1, ಎಚ್2 (ಹೀಮಗ್ಲುಟಿನಿನ್ನಿನ ಬಗೆಗಳಿಗೆ ಇಟ್ಟ ಹೆಸರು) ಎರಡೂ ಬಗೆಯ ವೈರಸ್ಸನ್ನು ತಡೆಯಿತು. ಗಂಟಿನ ಪರೀಕ್ಷೆಯಲ್ಲಿ ಅದಕ್ಕೆ ಸೊನ್ನೆ. ಮನುಷ್ಯರಲ್ಲೂ ಅಂಥ ಪ್ರತಿಕಾಯಗಳುಂಟೆಂದು ಜಗತ್ತು ಎದ್ದು ಕೂತದ್ದು 2008-09ರಲ್ಲಿ. ಹದಿನೈದು ವರ್ಷ ಕಳೆದುಹೋಗಿದ್ದವು. ಇದರಲ್ಲಿ ಆ ಅಳತೆಗೋಲಿನ ಪಾಲು ಸಣ್ಣದಲ್ಲ ಎಂಬುದು ನನ್ನ ಅನಿಸಿಕೆ.

ಅದೇ ಹೊತ್ತಿಗೆ ಬಂದ ಹಂದಿಜ್ವರ ಒಂದು ಸುಳಿವು ಕೊಟ್ಟಿತು. ತಲೆ ತೀರಾ ಅಪರಿಚಿತವಾಗಿದ್ದರಿಂದ ಸೋಂಕಿತರ ದೇಹ ಪರಿಚಿತ ಕಾಂಡವನ್ನು ಹಿಡಿದುಕೊಂಡಿತ್ತು. ನ್ಯೂಯಾರ್ಕಿನ ಮೌಂಟ್ ಸೈನಾಯ್‌ನಲ್ಲಿ ಪೀಟರ್ ಪಲೇಸೆ, ಫ್ಲೋರಿಯನ್ ಕ್ರಾಮರ್ ತಂಡ ಇದನ್ನೇ ಉಪಾಯ ಮಾಡಿಕೊಂಡು, ಒಂದೇ ಕಾಂಡಕ್ಕೆ ಡೋಸಿಗೊಂದು ಹೊಸ ತಲೆ ಜೋಡಿಸಿತು. 2020ರಲ್ಲಿ ಪ್ರಕಟವಾದ ಮೊದಲ ಹಂತದ ಪ್ರಯೋಗದಲ್ಲಿ ಕಾಂಡದ ಪ್ರತಿಕಾಯಗಳು ಕನಿಷ್ಠ 18 ತಿಂಗಳು ಉಳಿದವು. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ತಲೆಯನ್ನೇ ಕತ್ತರಿಸಿ ತೆಗೆದ ಲಸಿಕೆಯನ್ನು 2019ರಲ್ಲಿ ಮನುಷ್ಯರಿಗೆ ಕೊಟ್ಟು ನೋಡತೊಡಗಿತು. ಬೇರೆ ದಾರಿ ಹಿಡಿದ ಇಸ್ರೇಲಿನ ಬಯೊಂಡ್‌ವ್ಯಾಕ್ಸ್ ಕಂಪನಿಯ ಲಸಿಕೆ 12 ಸಾವಿರಕ್ಕೂ ಹೆಚ್ಚು ಜನರ ಮೂರನೇ ಹಂತದವರೆಗೆ ಹೋಗಿ 2020ರಲ್ಲಿ ಬಿದ್ದುಹೋಯಿತು.

ಮಾಮೂಲಿ ಲಸಿಕೆಗೆ ವರ್ಷವರ್ಷ ತಳಿ ಬದಲಿಸಲು ದೊಡ್ಡ ಪ್ರಯೋಗವೇನೂ ಬೇಕಿಲ್ಲ. ಆದರೆ ಕಾಂಡದ ಲಸಿಕೆಗೆ ಕೋಳಿರಕ್ತದ ಪರೀಕ್ಷೆ ನಡೆಯದು. ಯಾರಿಗೆ ಜ್ವರ ಬಂತು, ಯಾರಿಗೆ ಬರಲಿಲ್ಲ ಎಂದು ಸಾವಿರಾರು ಜನರಲ್ಲಿ ಎಣಿಸಬೇಕು. ಆ ವರ್ಷ ಎಚ್1 ಮಾತ್ರ ಹಬ್ಬಿದರೆ ಎಚ್3ರ ಉತ್ತರಕ್ಕೆ ಮುಂದಿನ ವರ್ಷಕ್ಕೆ ಕಾಯಬೇಕು. ಇನ್ನೂ ಹುಟ್ಟದ ಮಹಾಮಾರಿಯ ವೈರಸ್ಸನ್ನು ಇದು ತಡೆಯುತ್ತದೆಯೇ ಎಂಬುದನ್ನಂತೂ ಹೀಗೆ ಎಣಿಸಿ ಹೇಳುವಂತೆಯೇ ಇಲ್ಲ.