ಮೆಣಸಿನಕಾಯಿ ತಳಿ ವೈವಿಧ್ಯ: ಆ ಮೂರರಿಂದ ಭಾಗಿಸುವುದು ಯಾಕೆ?

ನಾಡಿದ್ದು ವೈವಾ (ಮೌಖಿಕ ಪರೀಕ್ಷೆ), ಮೆಣಸಿನಕಾಯಿ ತಳಿಗಳ ನಡುವಿನ ವ್ಯತ್ಯಾಸವನ್ನು ಲೆಕ್ಕಹಾಕುವುದರ ಮೇಲೆ. ಕೋಲಾರದಿಂದ ಶ್ರೀನಿವಾಸಪುರದ ಬಸ್ಸಿನಲ್ಲಿ ಕೂತು, ತಲೆಯಿಂದ ಜಾರಿಹೋಗುವ ಮುಂಚೆ ಬರೆದಿಡುತ್ತಿದ್ದೇನೆ. ಬ್ಯಾಡಗಿ, ಗುಂಟೂರು, ಬಜ್ಜಿ ಕಾಯಿ, ನಮ್ಮ ಕಡೆ ಪಾಲಿಹೌಸಿನಲ್ಲಿ ಬೆಳೆಯುವ ದೊಣ್ಣೆ ಮೆಣಸಿನಕಾಯಿ, ಎಲ್ಲವೂ ಕ್ಯಾಪ್ಸಿಕಂ ಆನ್ಯುಯಮ್ ಎಂಬ ಒಂದೇ ಪ್ರಭೇದ. ಕ್ರೋಮೋಸೋಮು 24. ತಳಿಗಳನ್ನು ಹೋಲಿಸಲು ಗಿಡದ ಎತ್ತರ, ಹೂ ಬಿಡುವ ದಿನ, ಕಾಯಿ ಸಂಖ್ಯೆ, ಕಾಯಿ ತೂಕ ಅಳೆಯುತ್ತೇವೆ.

ನಾನು ಎಡವಿದ್ದು ಅನೋವಾ ಪಟ್ಟಿಯಲ್ಲಿ, ಅಂದರೆ ಅಳತೆಗಳ ಏರಿಳಿತವನ್ನು ತಳಿಯಿಂದ ಬಂದದ್ದು, ದೋಷದಿಂದ (ಮಣ್ಣು, ಗೊಬ್ಬರದಂಥವು) ಬಂದದ್ದು ಎಂದು ಒಡೆದು ತೋರಿಸುವ ಪಟ್ಟಿಯಲ್ಲಿ. ಅದರಲ್ಲಿ ತಳಿಗಳ ಮೀನ್ ಸ್ಕ್ವೇರ್ (ತಳಿಗಳ ಸಾಲಿನಲ್ಲಿರುವ ಏರಿಳಿತದ ಅಳತೆ) ಸಿಕ್ಕಿತಲ್ಲ, ಅದೇ ತಳಿಯ ವೇರಿಯನ್ಸ್, ಅಂದರೆ ತಳಿಯ ಗುಣದಿಂದಲೇ ಬಂದ ಏರಿಳಿತ, ಅಂದುಕೊಂಡೆ. ಅಲ್ಲ.

ನಮ್ಮಜ್ಜಿ ಬೀಜಕ್ಕೆ ಬಿಡುವ ಗಿಡ ಯಾವಾಗಲೂ ತಿಪ್ಪೆ ಪಕ್ಕದ್ದು. ಕಾಯಿ ಜೋತಾಡುತ್ತವೆ, ನಿಜ. ಆದರೆ ಅದು ಗಿಡದ ಗುಣವೋ ಗೊಬ್ಬರದ ಮಹಿಮೆಯೋ? ಇದನ್ನು ಬೇರ್ಪಡಿಸಲೆಂದೇ ಒಂದೊಂದು ತಳಿಯನ್ನೂ ಮೂರು ಕಡೆ ನೆಡುತ್ತೇವೆ. ಮೂರು ಪ್ಲಾಟಿನ ಸರಾಸರಿ ತೆಗೆದಾಗ ತಿಪ್ಪೆಯ ಪ್ರಭಾವ, ಅಂದರೆ ದೋಷದ ವೇರಿಯನ್ಸ್, ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ; ಪೂರ್ತಿ ಹೋಗುವುದಿಲ್ಲ. ಹಾಗಾಗಿ ಸರಾಸರಿಗಳ ನಡುವಿನ ಏರಿಳಿತ = ತಳಿ + ದೋಷ/3. ಅನೋವಾ ಪಟ್ಟಿ ಲೆಕ್ಕವನ್ನು ಪ್ಲಾಟಿನ ಮಟ್ಟಕ್ಕೆ ತರಲು ಇದನ್ನೇ ಮೂರರಿಂದ ಗುಣಿಸಿ ಬರೆದಿರುತ್ತದೆ: 3 × ತಳಿ + ದೋಷ. ಈಗ ಹಿಂದಕ್ಕೆ ಬನ್ನಿ. ಮೊದಲು ದೋಷ ಕಳೆಯಿರಿ, ಆಮೇಲೆ ಮೂರರಿಂದ ಭಾಗಿಸಿ. ಅಷ್ಟೇ! ಇಷ್ಟಕ್ಕೆ ಎರಡು ರಾತ್ರಿ ಹೋಯಿತು.

ಅಂಕಿ ಇಟ್ಟು ನೋಡೋಣ (ಲೆಕ್ಕಕ್ಕಾಗಿ ನಾನೇ ಇಟ್ಟುಕೊಂಡವು, ಹೊಲದ್ದಲ್ಲ). ಗಿಡಕ್ಕೆ ಕಾಯಿ ಸರಾಸರಿ 60, ತಳಿಯ ಮೀನ್ ಸ್ಕ್ವೇರ್ 340, ದೋಷದ್ದು 40. ತಳಿ ವೇರಿಯನ್ಸ್ = (340 − 40)/3 = 100. ಕಣ್ಣಿಗೆ ಕಾಣುವ ಒಟ್ಟು ವೇರಿಯನ್ಸ್ = 100 + 40 = 140. ಅನುವಂಶೀಯತೆ, ಅಂದರೆ ಒಟ್ಟರಲ್ಲಿ ತಳಿಯ ಪಾಲು, 100/140, ಸುಮಾರು ಶೇ. 71. ನನ್ನ ಹಳೇ ದಾರಿಯಲ್ಲಿ 340/380, ಅಂದರೆ ಶೇ. 89 ಬಂದಿತ್ತು. ನೋಡಿ ಖುಷಿಯೂ ಪಟ್ಟಿದ್ದೆ!

ಎರಡನೇ ಗುಂಡಿ: ಅನುವಂಶೀಯತೆ ಹೆಚ್ಚು ಅಂದ ಮಾತ್ರಕ್ಕೆ ಆಯ್ಕೆ ಫಲ ಕೊಡುತ್ತದೆ ಎಂದಲ್ಲ. ಹೂ ಬಿಡುವ ದಿನ ತಗೊಳ್ಳಿ: ಸರಾಸರಿ 40, ಮೀನ್ ಸ್ಕ್ವೇರ್ 14, ದೋಷ 2. ತಳಿ ವೇರಿಯನ್ಸ್ 4, ಒಟ್ಟು 6, ಅನುವಂಶೀಯತೆ ಶೇ. 67. ಮೇಲಿನದಕ್ಕೆ ಹತ್ತಿರವೇ. ಈಗ ಜೆನೆಟಿಕ್ ಅಡ್ವಾನ್ಸ್, ಅಂದರೆ ಮೇಲಿನ ಶೇ. 5ರಷ್ಟನ್ನು ಆರಿಸಿದರೆ ಮುಂದಿನ ಪೀಳಿಗೆಯಲ್ಲಿ ನಿರೀಕ್ಷಿಸಬಹುದಾದ ಲಾಭ. ನನ್ನ ಅಡ್ಡದಾರಿ: 2.06 (ಶೇ. 5 ಆಯ್ಕೆಗೆ ಬಳಸುವ ಸ್ಥಿರಾಂಕ) × ತಳಿ ವೇರಿಯನ್ಸ್ ÷ ಒಟ್ಟು ವೇರಿಯನ್ಸಿನ ವರ್ಗಮೂಲ. ಕಾಯಿ ಸಂಖ್ಯೆಗೆ 17.4, ಸರಾಸರಿಯ ಶೇ. 29. ಹೂವಿನ ದಿನಕ್ಕೆ 3.4, ಬರೀ ಶೇ. 8. ಶೇ. 20 ದಾಟಿದರೆ ಹೆಚ್ಚು, 10ಕ್ಕಿಂತ ಕೆಳಗಿದ್ದರೆ ಕಡಿಮೆ ಎಂಬುದು ರೂಢಿ. ಅನುವಂಶೀಯತೆ, ಜೆನೆಟಿಕ್ ಅಡ್ವಾನ್ಸ್ ಎರಡೂ ಹೆಚ್ಚಿರುವ ಗುಣದಲ್ಲೇ ನೇರ ಆಯ್ಕೆಗೆ ಕೈಹಾಕಬೇಕು.

ಪಾತ್ ಅನಾಲಿಸಿಸ್ ಒಂದೇ ಸಾಲು: ಇಳುವರಿಯ ಜೊತೆಗಿನ ಸಹಸಂಬಂಧವನ್ನು ನೇರ ಪರಿಣಾಮ, ಬೇರೆ ಗುಣದ ಹೆಗಲೇರಿ ಬಂದ ಪರಿಣಾಮ ಎಂದು ಒಡೆಯುತ್ತದೆ.

ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ 1936ರಲ್ಲಿ ಕೊಟ್ಟ ಡಿ-ಸ್ಕ್ವೇರ್ (ಹಲವು ಗುಣಗಳನ್ನು ಒಟ್ಟಿಗೆ ನೋಡಿ ತಳಿಗಳ ನಡುವಿನ ದೂರ ಅಳೆಯುವ ಲೆಕ್ಕ) ಬಳಸಿದಾಗ ತಳಿಗಳು ಗುಂಪುಗಳಾಗುತ್ತವೆ. ಹೆಚ್ಚು ದೂರವಿರುವ ಗುಂಪುಗಳಿಂದ ತಂದೆತಾಯಿ ಆರಿಸಿ ಎನ್ನುತ್ತಾರೆ. ಆದರೆ ಗುಂಪಿನ ಸರಾಸರಿಯನ್ನೂ ನೋಡಿ. ದೂರದ ನೆಂಟ ಅಂತ ಕಾಯಿಯೇ ಬಿಡದ ತಳಿಯನ್ನು ತಂದು ಏನು ಮಾಡುವುದು?

ಇನ್ನೊಂದು. ಮೆಣಸಿನ ಹೂವಲ್ಲಿ ಸ್ವಕೀಯ ಪರಾಗಸ್ಪರ್ಶ ಆಗುತ್ತದಾದರೂ ಜೇನ್ನೊಣ ಸುಮ್ಮನಿರುವುದಿಲ್ಲ. ಪಕ್ಕದ ಸಾಲಿನ ಪರಾಗ ಬಿದ್ದರೂ ಈ ವರ್ಷದ ಕಾಯಿಯ ಖಾರ ಬದಲಾಗದು, ಯಾಕೆಂದರೆ ಖಾರ ಹುಟ್ಟುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಲ್ಲಿ, ಅದು ತಾಯಿಗಿಡದ್ದೇ ಅಂಗಾಂಶ. ಬೆರಕೆ ಬಯಲಾಗುವುದು ಆ ಬೀಜ ಬಿತ್ತಿದ ಮೇಲೆ. ಬೀಜಕ್ಕೆ ಬಿಡುವ ಗಿಡದ ಮೊಗ್ಗಿಗೆ, ಅರಳುವ ಮುಂಚೆಯೇ ಚೀಲ ಕಟ್ಟಿಬಿಡಿ.