ಕನ್ಸರ್ವೇಟರಿಗೆ ಹೆಂಚು ಹೊದಿಸಲು ಅನುಮತಿ ಬೇಕೇ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ಸೆಮಿ-ಡಿಟ್ಯಾಚ್ಡ್ (ಒಂದು ಬದಿ ಪಕ್ಕದ ಮನೆಗೆ ಅಂಟಿಕೊಂಡ) ಮನೆ ಕೊಂಡಿದ್ದೇವೆ. ಹಿಂಬದಿಯ ಕನ್ಸರ್ವೇಟರಿ, ಅಂದರೆ ಮನೆಗೆ ಸೇರಿಸಿ ಕಟ್ಟಿದ ಗಾಜಿನ ಕೋಣೆ, ಬೇಸಿಗೆಯಲ್ಲಿ ಕುಲುಮೆ, ಚಳಿಗಾಲದಲ್ಲಿ ಮಂಜುಗಡ್ಡೆ. ಅದರ ಪ್ಲಾಸ್ಟಿಕ್ ಚಾವಣಿ ತೆಗೆಸಿ ಹೆಂಚಿನದು ಹಾಕಿಸಲು ಪ್ಲ್ಯಾನಿಂಗ್ ಅನುಮತಿ ಪಡೆಯಬೇಕೇ?

ಉತ್ತರ: ಬಹುತೇಕ ಬೇಡ. ಹಾಗೆಂದು ಇವತ್ತೇ ಮುಂಗಡ ಕೊಟ್ಟುಬಿಡಬೇಡಿ. ನೀವು ಕೇಳದೆ ಬಿಟ್ಟ ಇನ್ನೊಂದು ಅನುಮತಿ ಬೇಕೇಬೇಕು.

ಮೊದಲು ಪ್ಲ್ಯಾನಿಂಗ್. ಇಂಗ್ಲೆಂಡಿನ 2015ರ ಆದೇಶದಂತೆ, ನಿಮ್ಮಂಥ ಮನೆಯ ಹಿಂದಿನ ಒಂದಂತಸ್ತಿನ ಕಟ್ಟಡ ಮೂಲ ಗೋಡೆಯಿಂದ 3 ಮೀಟರಿಗಿಂತ ಹೆಚ್ಚು ಚಾಚಿರದಿದ್ದರೆ, ಎತ್ತರ 4 ಮೀಟರ್ ಮೀರದಿದ್ದರೆ ಸಾಮಾನ್ಯವಾಗಿ ಅರ್ಜಿ ಬೇಡ. ಬೇಲಿಯಿಂದ 2 ಮೀಟರಿನೊಳಗೆ ಇದ್ದರೆ ಸೂರಿನ ಎತ್ತರ 3 ಮೀಟರ್ ದಾಟಬಾರದು. ಹೊಸ ಚಾವಣಿ ಹಳೆಯದಕ್ಕಿಂತ ದಪ್ಪವಾಗಿರುವುದರಿಂದ ಟೇಪು ಹಿಡಿದು ಅಳೆದೇ ನೋಡಿ. ಹೀಗೆ ಸೇರಿಸಿ ಕಟ್ಟಿದ ಭಾಗ ಹೊರನೋಟಕ್ಕೆ ಮನೆಯನ್ನು ಹೋಲಬೇಕು; ಕನ್ಸರ್ವೇಟರಿಗೆ ಮಾತ್ರ ಯಾವ ಸಾಮಗ್ರಿಯಾದರೂ ನಡೆಯುತ್ತದೆ. ಗಟ್ಟಿ ಚಾವಣಿ ಬಂದ ಮೇಲೆ ಆ ರಿಯಾಯಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಮನೆಯ ಹೆಂಚನ್ನು ಹೋಲುವುದನ್ನೇ ಆರಿಸಿ. ಫ್ಲ್ಯಾಟ್‌ಗಳಿಗೆ ಹೀಗೆ ಅರ್ಜಿಯಿಲ್ಲದೆ ಕಟ್ಟುವ ಹಕ್ಕಿಲ್ಲ. ಪಾರಂಪರಿಕ ಪಟ್ಟಿಯ ಕಟ್ಟಡಕ್ಕೆ ಬೇರೆಯೇ ಒಪ್ಪಿಗೆ ಬೇಕು. ಕೆಲವು ಹೊಸ ಬಡಾವಣೆಗಳಲ್ಲಿ ಕೌನ್ಸಿಲ್ (ಸ್ಥಳೀಯ ಆಡಳಿತ) ಈ ಹಕ್ಕನ್ನು ಮೊದಲೇ ಕಿತ್ತುಕೊಂಡಿರುತ್ತದೆ. ಮನೆಯ ಮೂಲ ಅನುಮತಿ ಪತ್ರದ ಷರತ್ತುಗಳನ್ನು ಓದಿ.

ಇನ್ನು ನೀವು ಕೇಳದೆ ಬಿಟ್ಟದ್ದು: ಬಿಲ್ಡಿಂಗ್ ರೆಗ್ಯುಲೇಷನ್ಸ್, ಅಂದರೆ ಕಟ್ಟಡ ಗಟ್ಟಿಯಾಗಿ, ಸುರಕ್ಷಿತವಾಗಿ ಇರಬೇಕೆನ್ನುವ ನಿಯಮಗಳು. ನೆಲಮಟ್ಟದಲ್ಲಿದ್ದು, 30 ಚದರ ಮೀಟರಿಗಿಂತ ಚಿಕ್ಕದಾಗಿ, ಮನೆಗೂ ತನಗೂ ನಡುವೆ ಹೊರಬಾಗಿಲು ಉಳಿಸಿಕೊಂಡ ಗಾಜಿನ ಕೋಣೆಗೆ ಸಾಮಾನ್ಯವಾಗಿ ಈ ನಿಯಮಗಳಿಂದ ವಿನಾಯಿತಿ ಇದೆ. ಬೆಳಕು ತೂರುವ ಚಾವಣಿ ಹೋಯಿತೆಂದರೆ ವಿನಾಯಿತಿಯೂ ಹೋಯಿತು. ಇದು ಬರೀ ಕಾಗದದ ತಕರಾರಲ್ಲ. ಹಗುರವಾದ ಪಾಲಿಕಾರ್ಬೊನೇಟ್ ಹಾಳೆ ಹೊರುತ್ತಿದ್ದ ಚೌಕಟ್ಟು ಈಗ ಮರದ ಅಥವಾ ಅಲ್ಯೂಮಿನಿಯಂ ತೊಲೆ, ಉಷ್ಣನಿರೋಧಕ, ಪ್ಲಾಸ್ಟರ್‌ಬೋರ್ಡ್, ಹೆಂಚು, ಮೇಲೆ ಹಿಮ ಇಷ್ಟನ್ನೂ ಹೊರಬೇಕು. ಅದು ತಡೆಯುತ್ತದೆಯೇ, ಕೆಳಗಿನ ತಳಪಾಯ ಸಾಕೇ ಎಂಬುದನ್ನು ಈ ನಿಯಮಗಳ ಪಾಲನೆ ನೋಡುವ ಬಿಲ್ಡಿಂಗ್ ಕಂಟ್ರೋಲ್ ಪರಿಶೀಲಿಸುತ್ತದೆ. ತಳಪಾಯ ನೋಡಲು ಪಕ್ಕದಲ್ಲಿ ಗುಂಡಿ ತೋಡಿಸಬೇಕಾಗಬಹುದು.

“ಅನುಮತಿಯೇ ಬೇಡ ಸಾರ್” ಎನ್ನುವ ಮಾರಾಟಗಾರ ಸುಳ್ಳು ಹೇಳುತ್ತಿಲ್ಲ, ಅರ್ಧ ಹೇಳುತ್ತಿದ್ದಾನೆ. ಮನೆ ಮಾರುವ ದಿನ ಕೊಳ್ಳುವವರ ವಕೀಲರು ಕೇಳುವುದು ಉಳಿದರ್ಧವನ್ನೇ: ಕೆಲಸ ನಿಯಮದಂತೆ ಮುಗಿದಿದೆ ಎನ್ನುವ ಕಂಪ್ಲೀಷನ್ ಸರ್ಟಿಫಿಕೇಟ್ ಎಲ್ಲಿ? ಅದನ್ನು ತರಿಸಿಕೊಡುವ ಹೊಣೆ ಯಾರದೆಂದು ಒಪ್ಪಂದದಲ್ಲೇ ಬರೆಸಿ, ಅದು ಕೈಸೇರುವ ತನಕ ಕೊನೆಯ ಕಂತನ್ನು ತಡೆಹಿಡಿಯುವ ಷರತ್ತನ್ನೂ ಸೇರಿಸಿ.