ಆಟಕ್ಕುಂಟು ಲೆಕ್ಕಕ್ಕಿಲ್ಲದ ಮಕ್ಕಳು ಮತ್ತು ಅವರ ಮ್ಯಾಜಿಕ್

ಶನಿವಾರ ಸಂಜೆ ನಮ್ಮ ಬಡಾವಣೆಯ ಪುಟ್ಟ ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಓದಿ ಹೇಳುತ್ತೇನೆ. ಕೈಯಲ್ಲಿರುವುದು ಇಂಗ್ಲಿಷ್ ಪುಸ್ತಕ, ಬಾಯಲ್ಲಿ ಬರುವುದು ಕನ್ನಡ. ಅರ್ಧ ಗಂಟೆ ಕಥೆ, ಅರ್ಧ ಗಂಟೆ ಜಗಳ. ಕರೆದುಕೊಂಡು ಹೋಗಲು ಬರುವ ಅಪ್ಪ ಅಮ್ಮಂದಿರು ಬಾಗಿಲಲ್ಲಿ ನಿಂತು ಒಂದೊಂದು ಪ್ರಶ್ನೆ ಎಸೆಯುತ್ತಾರೆ. ಈ ಮಾಟ ಮಂತ್ರದ ಪುಸ್ತಕದಲ್ಲಿ ಅಂಥದ್ದೇನಿದೆ? ಒಂದು ಓದಿದರೆ ಎಲ್ಲಾ ಓದಿದ ಹಾಗೆ ಅಲ್ವಾ, ಅದೇ ಅನಾಥ ಹುಡುಗ, ಅದೇ ಸ್ಕೂಲು, ಅದೇ ಮಂತ್ರದ ಕೋಲು? ಇವರು ಅವರಿಂದ ಕದ್ದಿದ್ದಂತೆ, ಹೌದಾ? ಎಂಟು ವರ್ಷದವನು ಓದಬಹುದಾ? ಎಲ್ಲದಕ್ಕೂ ಚಪ್ಪಲಿ ಸ್ಟ್ಯಾಂಡ್ ಪಕ್ಕ ನಿಂತು ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಪುಸ್ತಕದ ವ್ಯಾಪಾರದವರು ಈ ಗುಂಪಿಗೆ ‘ಮಿಡ್ಲ್ ಗ್ರೇಡ್’ ಅನ್ನುತ್ತಾರೆ. ಸುಮಾರು 8ರಿಂದ 12 ವರ್ಷದವರಿಗೆ. ಚಿತ್ರದ ಪುಸ್ತಕ ಮುಗಿದಿದೆ, ಪ್ರೀತಿ ಪ್ರೇಮ ಇನ್ನೂ ಬಂದಿಲ್ಲ. ಈ ವಯಸ್ಸಿನಲ್ಲಿ ಇನ್ನೊಂದು ಆಗುತ್ತದೆ. ಮಗು ತನ್ನನ್ನು ಪಕ್ಕದವರ ಜೊತೆ ಹೋಲಿಸಿ ನೋಡಲು ಶುರು ಮಾಡುತ್ತದೆ. ತಂಡ ಆರಿಸುವಾಗ ಕೊನೆಗೆ ಉಳಿಯುವವರು ಯಾರು, ಟೀಚರ್ ಯಾರ ನೋಟ್‌ಬುಕ್ ಎತ್ತಿ ತೋರಿಸುತ್ತಾರೆ, ಯಾರ ಬರ್ತ್‌ಡೇಗೆ ಯಾರನ್ನು ಕರೆಯಲಿಲ್ಲ, ಎಲ್ಲಾ ಲೆಕ್ಕ ಇಟ್ಟಿರುತ್ತದೆ. ನಾವು ಚಿಕ್ಕವರಿದ್ದಾಗ ದೊಡ್ಡ ಮಕ್ಕಳು ನಮ್ಮನ್ನು ಸೇರಿಸಿಕೊಂಡು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅನ್ನುತ್ತಿದ್ದರಲ್ಲ, ಆ ಮಾತು ಚುಚ್ಚಲು ಶುರುವಾಗುವ ವಯಸ್ಸು ಇದು. ಈ ಪುಸ್ತಕಗಳ ಮಕ್ಕಳೆಲ್ಲ ಆ ಲೆಕ್ಕಕ್ಕಿಲ್ಲದವರೇ. ಇಂಗ್ಲಿಷಿನವರು ಮಿಸ್‌ಫಿಟ್ ಅನ್ನುತ್ತಾರೆ. ನನಗೆ ನಮ್ಮ ಮಾತೇ ಇಷ್ಟ. ಯಾಕೆಂದರೆ ಆ ಮಗು ಆಟದಲ್ಲಿ ಇದೆ, ಓಡುತ್ತಿದೆ, ಬೆವರುತ್ತಿದೆ, ಔಟಾದರೂ ಯಾರೂ ಕೂಗುವುದಿಲ್ಲ ಅಷ್ಟೆ.

ಹಳೇ ಕಾಲದ್ದನ್ನು ಬೇಗ ಮುಗಿಸೋಣ. ಅಜ್ಜಿ ಕಥೆಗಳಲ್ಲಿ ರಾಜನ ಕೊನೇ ಮಗ ದಡ್ಡ, ಅವನೇ ಗೆಲ್ಲುವುದು. ಇದು ಎಲ್ಲಾ ದೇಶದಲ್ಲೂ ಇದೆ. ಇಂಗ್ಲೆಂಡಿನಲ್ಲಿ 1857ರಲ್ಲಿ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಬಂದ ಮೇಲೆ ಹಾಸ್ಟೆಲ್ ಶಾಲೆಯ ಕಥೆಗಳದ್ದೇ ಒಂದು ಸಾಲು ಶುರುವಾಯಿತು. 1863ರಲ್ಲಿ ಚಾರ್ಲ್ಸ್ ಕಿಂಗ್ಸ್‌ಲಿ ಚಿಮಣಿ ಗುಡಿಸುವ ಹುಡುಗನೊಬ್ಬನನ್ನು ನೀರಿನ ಲೋಕಕ್ಕೆ ಇಳಿಸಿದರು. 1902ರಲ್ಲಿ ಇ. ನೆಸ್ಬಿಟ್ ಮಕ್ಕಳ ಕೈಯಲ್ಲಿ ಮರಳುಗುಂಡಿ ಅಗೆಸಿ, ಅಲ್ಲಿಂದ ಒಂದು ಸಿಡುಕು ಪ್ರಾಣಿ ಎಬ್ಬಿಸಿ, ದಿನಕ್ಕೊಂದು ವರ ಕೊಡಿಸಿದರು. ವರ ಹೊತ್ತು ಮುಳುಗುವ ತನಕ ಮಾತ್ರ, ಆಮೇಲೆ ಎಲ್ಲಾ ಮೊದಲಿನ ಹಾಗೆ. ಶಾಲೆ ಒಂದು ಕಡೆ, ಮ್ಯಾಜಿಕ್ ಇನ್ನೊಂದು ಕಡೆ. ಇವೆರಡೂ ಕೂಡಲು ಇನ್ನೂ ತುಂಬಾ ಹೊತ್ತಿದೆ.

ಮಧ್ಯದಲ್ಲಿ ಯುದ್ಧ ಬಂತು. 1939ರ ಸೆಪ್ಟೆಂಬರ್ 1ರಿಂದ ಬ್ರಿಟನ್ನಿನ ದೊಡ್ಡ ಊರುಗಳ ಮಕ್ಕಳನ್ನು ರೈಲು ಹತ್ತಿಸಿ ಹಳ್ಳಿಗಳಿಗೆ ಕಳಿಸಿದರು. ಕೆಲವೇ ದಿನಗಳಲ್ಲಿ ಸುಮಾರು 15 ಲಕ್ಷ ಜನ, ಹೆಚ್ಚಿನವರು ಮಕ್ಕಳೇ. ಆ ಕೆಲಸಕ್ಕೆ ಸರ್ಕಾರ ಇಟ್ಟ ಹೆಸರು ‘ಆಪರೇಷನ್ ಪೈಡ್ ಪೈಪರ್’. ಕುವೆಂಪು ನಮ್ಮ ಬೊಮ್ಮನಹಳ್ಳಿಗೆ ಕರೆತಂದ ಅದೇ ಕಿಂದರಿಜೋಗಿ! ಊರಿಗೆ ಊರೇ ಮಕ್ಕಳನ್ನು ಕಳೆದುಕೊಂಡ ಕಥೆಯ ಹೆಸರನ್ನು ಯಾರು ಆರಿಸಿದರೋ, ದೇವರೇ ಬಲ್ಲ. ಆಕ್ಸ್‌ಫರ್ಡಿನ ಹತ್ತಿರ ಲೇಖಕ ಸಿ. ಎಸ್. ಲೂಯಿಸ್ ಅವರ ಮನೆಗೂ ಹೀಗೆ ಕೆಲವು ಮಕ್ಕಳು ಬಂದು ಉಳಿದರು. 1950ರಲ್ಲಿ ಬಂದ ಅವರ ‘ನಾರ್ನಿಯಾ’ ಸರಣಿಯ ಮೊದಲ ಪುಸ್ತಕದಲ್ಲಿ ಲಂಡನ್ನಿನಿಂದ ಕಳಿಸಿದ ನಾಲ್ಕು ಮಕ್ಕಳು ಬೇರೆಯವರ ಮನೆಯ ಬೀರುವಿನೊಳಗಿಂದ ಹಿಮದ ನಾಡಿಗೆ ನಡೆದುಹೋಗುತ್ತಾರೆ. ಅಪ್ಪ ಅಮ್ಮ ದೂರ ಇದ್ದರೆ ತಾನೇ ಬಾಗಿಲು ತೆರೆಯುವುದು. ಈ ಪುಸ್ತಕಗಳಲ್ಲಿ ಅನಾಥರು ಯಾಕೆ ಜಾಸ್ತಿ ಅಂತ ಕೇಳುವವರಿಗೆ ಉತ್ತರ ಇಷ್ಟೇ: ಅಮ್ಮ ಮನೆಯಲ್ಲಿದ್ದರೆ ಸ್ವೆಟರ್ ಹಾಕದೆ ಹಿಮಕ್ಕೆ ಬಿಡುತ್ತಾಳಾ?

ಆದರೆ ಆ ನಾಲ್ವರು ಲೆಕ್ಕಕ್ಕಿಲ್ಲದವರಲ್ಲ. ಹೋದ ಕಡೆ ರಾಜ ರಾಣಿಯರಾಗುತ್ತಾರೆ. ನಿಜವಾಗಿ ಎಡವಟ್ಟು ಮಗು ಬಂದಿದ್ದು ಅಮೆರಿಕದಲ್ಲಿ, 1962ರಲ್ಲಿ. ಮೆಡಲೀನ್ ಲೆಂಗಲ್ ಅವರ ‘ಎ ರಿಂಕಲ್ ಇನ್ ಟೈಮ್’ ಪುಸ್ತಕದ ಮೆಗ್ ಹುಡುಗಿಗೆ ಕನ್ನಡಕ, ಹಲ್ಲಿಗೆ ತಂತಿ, ಶಾಲೆಯಲ್ಲಿ ದಿನಾ ಜಗಳ. ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಬೇಡ ಅಂದರು. ಬಂದ ಮೇಲೆ ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ 1963ರ ನ್ಯೂಬೆರಿ ಪದಕ ಸಿಕ್ಕಿತು. ಅದರಲ್ಲಿ ಒಂದು ಜಾಗ ಇದೆ. ದೊಡ್ಡ ಗಂಡಾಂತರಕ್ಕೆ ಹೊರಟ ಮಕ್ಕಳಿಗೆ ಒಬ್ಬೊಬ್ಬರಿಗೂ ಒಂದೊಂದು ಕಾಣಿಕೆ ಸಿಗುತ್ತದೆ, ಮೆಗ್‌ಗೆ ಸಿಗುವುದು ಅವಳದೇ ತಪ್ಪುಗಳು. ಅವಳ ಹಟ, ಅವಳ ಸಿಟ್ಟು. ಅವು ಕೊನೆಗೆ ಕೆಲಸಕ್ಕೂ ಬರುತ್ತವೆ. ಇದನ್ನು ಓದಿದ ದಿನ ನಮ್ಮ ಲೈಬ್ರರಿಯಲ್ಲಿ ಜಗಳವೇ ಆಗಲಿಲ್ಲ.

ಶಾಲೆಯೂ ಮ್ಯಾಜಿಕ್ಕೂ ಸೇರಿದ್ದಕ್ಕೆ ಒಂದು ಒಳ್ಳೆ ಕಾರಣ ಇದೆ. 1960ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಸಣ್ಣ ಪ್ರಕಾಶಕರೊಬ್ಬರು ಉರ್ಸುಲಾ ಲೆ ಗ್ವಿನ್ ಅವರನ್ನು ಸ್ವಲ್ಪ ದೊಡ್ಡ ಮಕ್ಕಳಿಗೆ ಏನಾದರೂ ಬರೆಯಿರಿ ಅಂತ ಕೇಳಿದರು. ಕಥೆಗಳ ಮಾಂತ್ರಿಕರೆಲ್ಲ ಬಿಳಿ ಗಡ್ಡದ ಮುದುಕರು. ಗಡ್ಡ ಬರುವ ಮುಂಚೆ ಇವರೆಲ್ಲ ಏನು ಮಾಡುತ್ತಿದ್ದರು, ಎಲ್ಲಿ ಕಲಿತರು ಅಂತ ಅವರಿಗೆ ಅನಿಸಿತು. ಅಲ್ಲಿಂದ ಹುಟ್ಟಿದ್ದು 1968ರ ‘ಎ ವಿಜರ್ಡ್ ಆಫ್ ಅರ್ಥ್‌ಸೀ’, ರೋಕ್ ದ್ವೀಪದ ಶಾಲೆ, ಮೇಕೆ ಕಾಯುತ್ತಿದ್ದ ಗೆಡ್. ಗೆಡ್‌ನ ಬಣ್ಣ ತಾಮ್ರದ್ದು ಅಂತ ಪುಸ್ತಕ ಸ್ಪಷ್ಟವಾಗಿ ಹೇಳುತ್ತದೆ. ಎಷ್ಟೋ ವರ್ಷ ಮುಖಪುಟದವರು ಅವನನ್ನು ಬೆಳ್ಳಗೇ ಬರೆದರು.

ಈಗ ನನಗೆ ತುಂಬಾ ಇಷ್ಟವಾದ ಜಾಗ. ಸ್ವಲ್ಪ ನಿಧಾನ ಮಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಜಿಲ್ ಮರ್ಫಿ ಲಂಡನ್ನಿನ ಹುಡುಗಿ. ಕಾನ್ವೆಂಟಿಗೆ ಹೋಗುತ್ತಿದ್ದ ವಯಸ್ಸಿಗೇ ತನ್ನ ಶಾಲೆಯನ್ನೇ ಮಾಟಗಾತಿಯರ ಶಾಲೆ ಮಾಡಿ ಬರೆಯಲು ಶುರು ಮಾಡಿದರು, ಚಿತ್ರವೂ ತಮ್ಮದೇ. ಪ್ರಕಾಶಕರು ಮಕ್ಕಳು ಹೆದರಿಕೊಳ್ಳುತ್ತಾರೆ ಅಂತ ವಾಪಸ್ ಕಳಿಸಿದರು. ಕೊನೆಗೆ 1974ರಲ್ಲಿ ‘ದಿ ವರ್ಸ್ಟ್ ವಿಚ್’ ಬಂತು. ಸಣ್ಣ ಪುಸ್ತಕ, ಒಂದು ಸಂಜೆಗೆ ಮುಗಿಯುತ್ತದೆ. ಮಿಲ್ಡ್ರೆಡ್ ಅನ್ನುವ ಹುಡುಗಿಗೆ ಎರಡು ಉದ್ದ ಜಡೆ, ಬೂಟಿನ ದಾರ ಯಾವಾಗಲೂ ಬಿಚ್ಚಿಕೊಂಡು ನೆಲ ಗುಡಿಸುತ್ತಿರುತ್ತದೆ. ಪೊರಕೆ ಮೇಲೆ ಹಾರಲು ಹೋಗಿ ಗೋಡೆಗೆ ಗುದ್ದಿ ಪೊರಕೆಯನ್ನೇ ಮುರಿದುಕೊಂಡಿದ್ದಾಳೆ.

ಮೊದಲ ವರ್ಷ ಆ ಶಾಲೆಯಲ್ಲಿ ಒಂದು ಸಮಾರಂಭ. ಪ್ರತಿ ಹುಡುಗಿಗೂ ಒಂದು ಬೆಕ್ಕಿನ ಮರಿ ಕೊಡುತ್ತಾರೆ. ಮಾಟಗಾತಿ ಅಂದ ಮೇಲೆ ಕರಿ ಬೆಕ್ಕೇ ಆಗಬೇಕು. ಒಬ್ಬೊಬ್ಬರೇ ಹೋಗಿ ತರುತ್ತಾರೆ, ಕರಿ, ಕರಿ, ಕರಿ. ಮಿಲ್ಡ್ರೆಡ್ ಸರದಿ ಬರುವ ಹೊತ್ತಿಗೆ ಕರಿ ಮರಿ ಖಾಲಿ. ಅವಳ ಕೈಗೆ ಬಂದಿದ್ದು ಪಟ್ಟೆಪಟ್ಟೆ ಬೂದು ಮರಿ. ಯಾರೂ ಬೇಕಂತ ಮಾಡಿದ್ದಲ್ಲ, ಸುಮ್ನೆ ಸಾಲಲಿಲ್ಲ ಅಷ್ಟೆ. ಇದನ್ನು ಓದುವಾಗ ನಾನು ಪ್ರತಿ ಸಲ ಮಕ್ಕಳ ಮುಖ ನೋಡುತ್ತೇನೆ. ಒಬ್ಬ ಹುಡುಗ ಒಮ್ಮೆ ತಟ್ಟನೆ ಹೇಳಿದ: “ನಂಗೂ ಯೂನಿಫಾರ್ಮ್ ಸೈಜು ಖಾಲಿ ಆಗಿತ್ತು.” ಅವನ ಶರ್ಟಿನ ತೋಳು ಇನ್ನೂ ಮಡಚಿಕೊಂಡೇ ಇತ್ತು.

ಆ ಬೆಕ್ಕಿಗೋ ಹಾರುವುದೆಂದರೆ ಪ್ರಾಣಭಯ. ಪೊರಕೆ ಮೇಲೆ ಕೂರುವುದಿಲ್ಲ. ಕೊನೆಗೆ ಅದನ್ನು ಶಾಲೆ ಬ್ಯಾಗಿಗೆ ತುಂಬಿಕೊಂಡು ಹಾರುವ ಅಭ್ಯಾಸ ಮಾಡುತ್ತಾಳೆ. ತೊಂದರೆ ಮೇಲೆ ತೊಂದರೆ ಆಗಿ, ಎಲ್ಲಾ ತಪ್ಪೂ ತನ್ನ ತಲೆ ಮೇಲೆ ಬಂದಾಗ ಬೆಕ್ಕು ಎತ್ತಿಕೊಂಡು ಶಾಲೆ ಬಿಟ್ಟು ಓಡಿಹೋಗುತ್ತಾಳೆ. ಓಡುವಾಗ ಕಾಡಿನಲ್ಲಿ ಶಾಲೆ ಮೇಲೆ ದಾಳಿ ಮಾಡಲು ಹೊರಟ ಗುಂಪು ಕಣ್ಣಿಗೆ ಬೀಳುತ್ತದೆ. ಅವರನ್ನೆಲ್ಲ ಬಸವನಹುಳು ಮಾಡಿ, ರಟ್ಟಿನ ಡಬ್ಬಿಗೆ ಹಾಕಿ ತರುತ್ತಾಳೆ. ಗಮನಿಸಿ, ಅವಳು ಗೆದ್ದಿದ್ದು ಹೆದರಿ ಓಡಿಹೋಗಿದ್ದರಿಂದ. ಅವಳು ಯಾರ ಮಗಳು ಅನ್ನುವ ಮಾತೇ ಆ ಪುಸ್ತಕದಲ್ಲಿ ದೊಡ್ಡದಲ್ಲ. ಮುಂದಿನ ಪುಸ್ತಕದಲ್ಲೂ ಬೂಟಿನ ದಾರ ಬಿಚ್ಚಿಕೊಂಡೇ ಇರುತ್ತದೆ.

ಆಮೇಲಿನದು ಎಲ್ಲರಿಗೂ ಗೊತ್ತು. 1997ರ ಜೂನ್ 26, ಬ್ಲೂಮ್ಸ್‌ಬರಿ ಪ್ರಕಾಶನ, ಜೆ. ಕೆ. ರೋಲಿಂಗ್ ಅವರ ಮೊದಲ ‘ಹ್ಯಾರಿ ಪಾಟರ್’, ಮೊದಲ ಗಟ್ಟಿರಟ್ಟಿನ ಮುದ್ರಣ ಬರೀ 500 ಪ್ರತಿ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗುವ ಹುಡುಗನಿಗೆ ಹನ್ನೊಂದು ತುಂಬುವಾಗ ಕಾಗದ ಬರುತ್ತದೆ. ಮೊದಲ ಕೆಲವು ಅಧ್ಯಾಯ ಈ ಜಾತಿಯ ಪುಸ್ತಕಗಳಲ್ಲೇ ಚೆನ್ನಾಗಿರುವಂಥವು, ಅದರಲ್ಲಿ ಎರಡು ಮಾತಿಲ್ಲ. ಕದ್ದಿದ್ದು ಅನ್ನುವ ಜಗಳ ಆಗ ಶುರುವಾಯಿತು, ಇನ್ನೂ ಮುಗಿದಿಲ್ಲ. ನನಗೆ ಅದು ದಂಡದ ಜಗಳ ಅನಿಸುತ್ತದೆ. ಹಾಸ್ಟೆಲ್ ಶಾಲೆ ನೂರೈವತ್ತು ವರ್ಷದಿಂದ ಎಲ್ಲರ ಸ್ವತ್ತು, ಮಾಟಗಾರ ಅದಕ್ಕೂ ಹಳಬ. ಇಬ್ಬರೂ ಒಂದೇ ಬಸ್ ಹತ್ತಿದರೆ ಅಕ್ಕಪಕ್ಕ ಕೂರಲೇಬೇಕಲ್ಲ.

ಬದಲಾಗಿದ್ದು ಬೇರೆ. ಹೆಚ್ಚು ಮಾರಾಟವಾಗುವ ದೊಡ್ಡವರ ಪುಸ್ತಕಗಳ ಪಟ್ಟಿಯಲ್ಲಿ ಈ ಮಕ್ಕಳ ಪುಸ್ತಕಗಳೇ ಮೇಲೆ ಕೂತು ಇಳಿಯದಿದ್ದಾಗ 2000ದ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಮಕ್ಕಳಿಗೆ ಬೇರೆ ಪಟ್ಟಿ ಮಾಡಿತು. ಸಣ್ಣ ತಟ್ಟೆಯಲ್ಲಿದ್ದ ವ್ಯಾಪಾರ ದೊಡ್ಡ ಬಾಣಲೆಗೆ ಬಂತು. ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕ ಇಂಗ್ಲೆಂಡಿನಲ್ಲಿ 223 ಪುಟ, ಐದನೆಯದು 766. ಆ ಪುಸ್ತಕ ಓದುಗರ ಜೊತೆಗೇ ಬೆಳೆಯಿತು, ಸರಿ. ಆದರೆ ಆಮೇಲೆ ಬಂದವರೆಲ್ಲ ದಪ್ಪ ಪುಸ್ತಕವೇ ಒಳ್ಳೆ ಪುಸ್ತಕ ಅಂದುಕೊಂಡ ಹಾಗಿದೆ. ಈಗ ಒಂಬತ್ತು ವರ್ಷದ ಮಗುವಿಗೆ ಕೊಡುವ ಪುಸ್ತಕ ಅಕ್ಕಿ ತೂಗುವ ಹಾಗೆ ತೂಗುತ್ತದೆ. ನಿಧಾನವಾಗಿ ಓದುವ ಮಗು ಕಪಾಟಿನ ಹತ್ತಿರ ಬಂದು, ಬೆನ್ನಿನ ದಪ್ಪ ನೋಡಿ, ಕೈ ಹಿಂದಕ್ಕೆ ತೆಗೆದುಕೊಳ್ಳುವುದನ್ನು ನಾನೇ ನೋಡಿದ್ದೇನೆ. ಲೆಕ್ಕಕ್ಕಿಲ್ಲದವರ ಕಥೆ ಅಲ್ವಾ ಇದು? ಅವರಿಗೇ ಎಟುಕದಿದ್ದರೆ ಹೇಗೆ?

ಮಾಟ ಕಲಿಸುತ್ತದೆ ಅನ್ನುವ ಗಲಾಟೆಯೂ ಆಯಿತು. ಅಮೆರಿಕದ ಗ್ರಂಥಾಲಯ ಸಂಘದ ಲೆಕ್ಕದಲ್ಲಿ 2000ರಿಂದ 2009ರವರೆಗೆ ತೆಗೆದುಹಾಕಿ ಅಂತ ಅತಿ ಹೆಚ್ಚು ದೂರು ಬಂದಿದ್ದು ಇದೇ ಸರಣಿಯ ಮೇಲೆ. ನನ್ನ ಶನಿವಾರದ ಮಕ್ಕಳಲ್ಲಿ ಮಂತ್ರ ಹಾಕಿ ಹೋಮ್‌ವರ್ಕ್ ಮುಗಿಸಿದವರು ಇನ್ನೂ ಯಾರೂ ಇಲ್ಲ.

2005ರಲ್ಲಿ ಇನ್ನೊಂದು ತಿರುವು. ಟೆಕ್ಸಾಸಿನಲ್ಲಿ ಮೇಷ್ಟರಾಗಿದ್ದ ರಿಕ್ ರಿಯೊರ್ಡನ್ ಅವರ ಮಗನಿಗೆ ಅಕ್ಷರ ಓದುವುದು ಕಷ್ಟ, ಡಿಸ್ಲೆಕ್ಸಿಯಾ, ಜೊತೆಗೆ ಒಂದು ಕಡೆ ಕೂರಲಾಗದ ಎಡಿಎಚ್‌ಡಿ. ಮಗನಿಗೆ ಮಲಗುವಾಗ ಗ್ರೀಕ್ ಕಥೆ ಹೇಳುತ್ತಾ ಹೇಳುತ್ತಾ ಪರ್ಸಿ ಜಾಕ್ಸನ್ ಹುಟ್ಟಿದ. ಪರ್ಸಿಗೂ ಅದೇ ತೊಂದರೆ. ಆದರೆ ಕಥೆಯಲ್ಲಿ ಅದಕ್ಕೆ ಕಾರಣ ಬೇರೆ: ಅವನ ತಲೆ ಹಳೇ ಗ್ರೀಕ್ ಭಾಷೆಗೆ ಹೊಂದಿಕೊಂಡಿದೆ, ಅದಕ್ಕೇ ಇಂಗ್ಲಿಷ್ ಅಕ್ಷರ ಕುಣಿಯುತ್ತವೆ. ಚಡಪಡಿಕೆ ಯುದ್ಧದಲ್ಲಿ ಜೀವ ಉಳಿಸುವ ಚುರುಕುತನ. ಒಬ್ಬ ಅಪ್ಪ ಮಗನಿಗೆ ಕೊಡಬಹುದಾದ ಉಡುಗೊರೆಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಹೊಳೆಯುತ್ತಿಲ್ಲ. ನಮ್ಮಲ್ಲಿ ಕಲಿಕೆಯ ತೊಂದರೆಗಳನ್ನು ಅಂಗವಿಕಲರ ಹಕ್ಕುಗಳ ಕಾನೂನು ಹೆಸರು ಹಿಡಿದು ಸೇರಿಸಿಕೊಂಡಿದ್ದು 2016ರಲ್ಲಿ.

ಆದರೂ ಒಂದು ಕಿರಿಕಿರಿ. ಪರ್ಸಿಯ ಅಪ್ಪ ಸಮುದ್ರದ ದೇವರು. ಮೆಟ್ಟಿಲ ಕೆಳಗಿನ ಹುಡುಗ ಒಂದು ವರ್ಷದ ಮಗುವಾಗಿದ್ದಾಗಲೇ ಮಾಂತ್ರಿಕರ ಲೋಕದಲ್ಲಿ ಮನೆಮಾತು. 2018ರಲ್ಲಿ, ರಿಯೊರ್ಡನ್ ಹೆಸರಿನಲ್ಲಿ ಬೇರೆ ಲೇಖಕರ ಪುಸ್ತಕ ತರುವ ಸಾಲಿನಲ್ಲಿ ಮೊದಲು ಬಂದ ರೋಶನಿ ಚೋಕ್ಷಿ ಅವರ ಪುಸ್ತಕದಲ್ಲಿ ಅಟ್ಲಾಂಟಾದ ಆರು ಶಾ ತರಗತಿಯಲ್ಲಿ ಸುಳ್ಳು ಹೇಳಿಕೊಂಡು ಓಡಾಡುವ ಮುದ್ದು ಹುಡುಗಿ. ಆಮೇಲೆ ನೋಡಿದರೆ ಅವಳಲ್ಲಿ ಪಾಂಡವರಲ್ಲೊಬ್ಬನಾದ ಅರ್ಜುನನ ಆತ್ಮ. ಪಾಂಡವರು ಬಂದಿದ್ದಾರೆ ಅಂತ ನಮ್ಮ ಮಕ್ಕಳು ಕುಣಿದರು, ನನಗೂ ಖುಷಿಯೇ. ಆದರೆ ಆಟಕ್ಕುಂಟು ಲೆಕ್ಕಕ್ಕಿಲ್ಲದ ಮಗು ಅಂತ ಶುರುವಾಗಿದ್ದು, ಮೊದಲಿಂದಲೂ ಲೆಕ್ಕದಲ್ಲೇ ಇತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೆ ಅಂತ ಮುಗಿಯುತ್ತದೆ. ಲೆಕ್ಕ ಸರಿ ಮಾಡಿದ್ದು ಮನೆತನ, ಮಗು ಅಲ್ಲ. ಒಂದು ಶನಿವಾರ ಒಬ್ಬ ಹುಡುಗ ತುಂಬಾ ಯೋಚನೆ ಮಾಡಿ ಕೇಳಿದ: “ನಮ್ಮಪ್ಪ ಬಸ್ ಕಂಡಕ್ಟರ್. ಏನೂ ಮುಚ್ಚಿಟ್ಟಿಲ್ಲ ಅನ್ಸುತ್ತೆ. ಹಂಗಾದ್ರೆ?”

ಕುಲದ ಮಾತೆತ್ತಿದವರಿಗೆ ಛಲವೇ ಕುಲ ಅಂದ ಪಂಪನ ಕರ್ಣನ ಕಥೆ ಹೇಳಿದೆ. ಹೇಳುತ್ತಾ ಹೇಳುತ್ತಾ ನಾನೇ ಸಿಕ್ಕಿಬಿದ್ದೆ. ಅವನೂ ಸೂರ್ಯನ ಮಗನೇ ಅಲ್ವಾ.

ಈ ಗುಟ್ಟಿನ ಮನೆತನದ ಹಿಡಿತ ಎಷ್ಟು ಅಂದರೆ, 2017ರಲ್ಲಿ ಬಿಬಿಸಿ ಮಿಲ್ಡ್ರೆಡ್ ಕಥೆಯನ್ನು ಮತ್ತೆ ಟಿವಿಗೆ ತಂದಾಗ ಅವಳು ಮಾಟಗಾತಿಯರಲ್ಲದ ಮನೆಯಿಂದ ಬಂದವಳು ಅನ್ನುವುದನ್ನೇ ಕಥೆಯ ಮುಖ್ಯ ಎಳೆ ಮಾಡಿದರು. ಸುಮಾರು ನಲವತ್ತು ವರ್ಷ ಅವಳ ಮನೆ ಯಾವುದು ಅಂತ ಯಾರೂ ಇಷ್ಟು ತಲೆಕೆಡಿಸಿಕೊಂಡಿರಲಿಲ್ಲ. ಅದೂ ಚೆನ್ನಾಗಿಯೇ ಇದೆ, ಮಕ್ಕಳು ನೋಡುತ್ತಾರೆ. ಕಾಲ ಹೇಗೆ ಬದಲಾಯಿತು ಅನ್ನುವುದಕ್ಕೆ ಹೇಳಿದೆ.

ಹೋದ ಶನಿವಾರ ಆ ಸಣ್ಣ ಪುಸ್ತಕ ಮತ್ತೆ ತೆಗೆದೆ. ಬೆಕ್ಕು ಕೊಡುವ ಜಾಗಕ್ಕೆ ನಿಲ್ಲಿಸಿದೆ, ಹೊತ್ತಾಗಿತ್ತು. ದಪ್ಪ ಪುಸ್ತಕ ನೋಡಿ ಕೈ ಹಿಂದೆಗೆಯುವ ಹುಡುಗಿ ಒಬ್ಬಳಿದ್ದಾಳೆ ಅಂದೆನಲ್ಲ, ಅವಳು ಹೊರಗೆ ಅಮ್ಮ ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದರೂ ಹತ್ತಿರ ಬಂದಳು.

“ಕೊನೇಲಿ ಅವಳು ಯಾರ ಮಗಳು ಅಂತ ಗೊತ್ತಾಗುತ್ತಾ?”

“ಇಲ್ಲ.”

“ಬೆಕ್ಕು ಕರಿ ಆಗುತ್ತಾ?”

“ಇಲ್ಲ, ಪಟ್ಟೆದೇ.”

ಪುಸ್ತಕವನ್ನು ಪಕ್ಕಕ್ಕೆ ತಿರುಗಿಸಿ ದಪ್ಪ ನೋಡಿದಳು. ರಿಜಿಸ್ಟರಿನಲ್ಲಿ ಹೆಸರು ಬರೆದು ತಗೊಂಡು ಹೋದಳು.